ಎಂಟು ಜನ, ಒಂದು ಡೇರೆ, ಒಂದು ಹೇಸರಗತ್ತೆ

ಹೋದ ತಿಂಗಳು ಇಂಟರ್ನ್‌ಶಿಪ್ ಮುಗಿಸಿ ಬಂದ ಸೀನಿಯರ್ ಅಣ್ಣ ಒಬ್ಬರನ್ನ ಕ್ಯಾಂಟೀನಲ್ಲಿ ಹಿಡ್ಕೊಂಡು, "ಅಣ್ಣ, ಸ್ಟೈಪೆಂಡಲ್ಲಿ ಎಷ್ಟು ಉಳಿಸಿದ್ರಿ?" ಅಂತ ಕೇಳಿದೆ. "ಪಿಜಿ ಬಾಡಿಗೆ, ಊಟ, ಬಸ್ಸು, ಒಂದು ಜೊತೆ ಫಾರ್ಮಲ್ ಶೂ. ಅಲ್ಲಿಗೆ ಲೆಕ್ಕ ಚುಕ್ತಾ" ಅಂದ್ರು. ಟೀ ದುಡ್ಡು ನಾನೇ ಕೊಟ್ಟೆ.

ಆಮೇಲೆ ಗೊತ್ತಾಯ್ತು, ಸ್ಟೈಪೆಂಡ್ ಅನ್ನೋ ಪದ ಬಂದಿರೋದೇ ಲ್ಯಾಟಿನ್ನಿನ 'ಸ್ಟಿಪೆಂಡಿಯಂ'ನಿಂದ ಅಂತ. ರೋಮನ್ ಸೈನಿಕನ ಸಂಬಳಕ್ಕೆ ಇದ್ದ ಹೆಸರು ಅದು. ಇಸ್ರೇಲಿನ ಮಸಾದ ಕೋಟೆಯಲ್ಲಿ ಉತ್ಖನನ ಮಾಡಿದಾಗ ಒಂದು ಪಪೈರಸ್ ಚೂರು ಸಿಕ್ಕಿತು. ಅದು ಕ್ರಿ.ಶ. 70ರ ದಶಕದ ಒಂದು ಸಂಬಳದ ಚೀಟಿ. ಸೈನಿಕನ ಹೆಸರು ಗಾಯಸ್ ಮೆಸ್ಸಿಯಸ್, ಊರು ಈಗಿನ ಬೈರೂತ್. ಬಂದ ಸ್ಟಿಪೆಂಡಿಯಂ 50 ದಿನಾರಿ. ಅದರಲ್ಲಿ ಕಟ್ ಆಗಿದ್ದು: ಬಾರ್ಲಿಗೆ 16, ಊಟಕ್ಕೆ 20, ಬೂಟಿಗೆ 5, ಚರ್ಮದ ಪಟ್ಟಿಗೆ 2, ನಾರಿನ ಅಂಗಿಗೆ 7. ಕೂಡಿಸಿ ನೋಡಿ. ಸರಿಯಾಗಿ 50! ನಮ್ಮ ಅಣ್ಣನ ಫಾರ್ಮಲ್ ಶೂ ನೆನಪಾಗಿ ನಗು ಬಂತು. ಅಂದಹಾಗೆ, ಈ ದಿನಾರಿಯಸ್ ಬೆಳ್ಳಿ ನಾಣ್ಯ ನಮಗೂ ಅಪರಿಚಿತ ಅಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲೇ ರೋಮನ್ ದಿನಾರಿಗಳ ನಿಧಿ ಸಿಕ್ಕಿತ್ತು. ನಮ್ಮ ಕಡೆಗೆ ಅವು ಬಂದಿದ್ದು ವ್ಯಾಪಾರದ ದಾರೀಲಿ, ಸೈನ್ಯದ ಜೊತೆ ಅಲ್ಲ.

ಈ ಚೀಟಿ ಓದಿದ ಮೇಲೆ ನನಗೆ ರೋಮನ್ ಸೈನ್ಯದ ಮೇಲಿದ್ದ ಕಲ್ಪನೆಯೇ ಬದಲಾಯ್ತು. ರೀಲ್ಸಲ್ಲಿ ರೋಮ್ ಅಂದ್ರೆ ಕೆಂಪು ಬಟ್ಟೆ, ಹೊಳೆಯೋ ಕವಚ, ಕತ್ತಿ ಎತ್ತಿ ಕೂಗೋ ಒಬ್ಬ ಹೀರೋ, ಹಿನ್ನೆಲೇಲಿ ಡ್ರಮ್ಸು. ಸ್ಲೋ ಮೋಷನ್ ಬೇರೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಇಂಜಿನಿಯರಿಂಗ್ ಓದೋ ನಾವು ಆ ಹೀರೋನ ನೋಡ್ತಾ ಟೈಮ್ ವೇಸ್ಟ್ ಮಾಡ್ತಿದೀವಿ. ಆ ಸೈನ್ಯದಲ್ಲಿ ಕಲಿಯೋಕೆ ಇರೋದು ಅವನ ಹಿಂದೆ ನಿಂತಿರೋ ಎಂಟು ಜನ, ಅವರ ಡೇರೆ, ಅವರ ಪಿಕಾಸಿ, ಅವರ ಲೆಕ್ಕದ ಪುಸ್ತಕ. ಮೆಸ್ಸಿಯಸ್‌ನಂಥ ಸಾಧಾರಣ ಮನುಷ್ಯನಿಂದ ಅಸಾಧಾರಣ ಕೆಲಸ ತೆಗೆಸಿದ ವ್ಯವಸ್ಥೆ ಅದು. ಅದೇ ವ್ಯವಸ್ಥೆಯಲ್ಲಿ ನಾವು ಯಾವತ್ತೂ ಕಲೀಬಾರದ ವಿಷಯಗಳೂ ಇವೆ. ಎರಡನ್ನೂ ಹೇಳ್ತೀನಿ. ನಾನು ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಲೆಕ್ಕ. ಕ್ರಿ.ಶ. ಮೊದಲನೇ ಶತಮಾನದ ಹೊತ್ತಿನ ಸೈನ್ಯ ಅಂದ್ಕೊಳ್ಳಿ. ಎಲ್ಲಕ್ಕಿಂತ ಚಿಕ್ಕ ಘಟಕ ಎಂಟು ಜನರದ್ದು. ಹೆಸರು 'ಕಾಂಟುಬರ್ನಿಯಂ'. ಸರಿಯಾದ ಕನ್ನಡ ಪದ ಹುಡುಕಿ ಸೋತೆ, 'ಒಂದೇ ಬಿಡಾರದವರು' ಅಂದ್ರೆ ಹತ್ತಿರ ಬರುತ್ತೆ. ಇಂಥ ಹತ್ತು ಬಿಡಾರ ಸೇರಿದ್ರೆ ಒಂದು ಸೆಂಚುರಿ. ಸೆಂಚುರಿ ಅಂದ್ರೆ ನೂರು ತಾನೇ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ, 80 ಜನ. ಆರು ಸೆಂಚುರಿ ಸೇರಿದ್ರೆ 480 ಜನರ ಕೋಹಾರ್ಟ್. ಹತ್ತು ಕೋಹಾರ್ಟ್ ಸೇರಿದ್ರೆ ಒಂದು ಲೀಜನ್, ಅಂದ್ರೆ ಸುಮಾರು ಐದು ಸಾವಿರ ಸೈನಿಕರು. ಇದು ಒಂದೇ ದಿನದಲ್ಲಿ ಆಗಿದ್ದಲ್ಲ. ಅದಕ್ಕಿಂತ ಇನ್ನೂರು ವರ್ಷ ಹಿಂದೆ, ಪೊಲಿಬಿಯಸ್ ಬರೆದ ಕಾಲದಲ್ಲಿ, ವಯಸ್ಸು ಮತ್ತೆ ಅನುಭವ ನೋಡಿ ಸಾಲು ಹಾಕ್ತಿದ್ರು: ಮುಂದೆ ಹುಡುಗರು, ಮಧ್ಯೆ ಗಟ್ಟಿಯಾದವರು, ಹಿಂದೆ ಪಳಗಿದ ಹಿರಿಯರು. ಆಗ ಆಯುಧ ತರಬೇಕಾದವನು ಸೈನಿಕನೇ, ಹಾಗಾಗಿ ಸ್ವಲ್ಪನಾದ್ರೂ ಆಸ್ತಿ ಇದ್ದವನಿಗೆ ಮಾತ್ರ ಎಂಟ್ರಿ. ಕ್ರಿ.ಪೂ. 107ರಲ್ಲಿ ಮಾರಿಯಸ್ ಅನ್ನೋ ಸೇನಾಪತಿ ಆಸ್ತಿ ಇಲ್ಲದವರನ್ನೂ ಸೇರಿಸಿಕೊಂಡ. ಎಲ್ಲ ಸುಧಾರಣೆನೂ ಅವನೊಬ್ಬನೇ ಮಾಡಿದ ಅಂತ ಹಳೇ ಪುಸ್ತಕಗಳು ಹೇಳ್ತವೆ, ಈಗಿನ ಇತಿಹಾಸಕಾರರು ಅದನ್ನ ಒಪ್ಪಲ್ಲ. ನಿಧಾನವಾಗಿ ಆದ ಬದಲಾವಣೆ ಅಂತಾರೆ.

ನನಗೆ ಇಷ್ಟ ಆಗೋದು ಆ ಎಂಟು ಜನ. ಅವರಿಗೆ ಒಂದು ಚರ್ಮದ ಡೇರೆ. ಅದಕ್ಕೆ 'ಪಾಪಿಲಿಯೋ' ಅಂತಿದ್ರು, ಅಂದ್ರೆ ಚಿಟ್ಟೆ. ಡೇರೆ ಹೊರೋಕೆ ಒಂದು ಹೇಸರಗತ್ತೆ. ಧಾನ್ಯ ಬೀಸೋಕೆ ಒಂದು ಬೀಸೋ ಕಲ್ಲು. ಸಾವಿರಾರು ಜನಕ್ಕೆ ಒಟ್ಟಿಗೆ ಅಡುಗೆ ಮಾಡೋ ದೊಡ್ಡ ಮೆಸ್ ಇರಲಿಲ್ಲ. ಧಾನ್ಯ ಸೈನ್ಯ ಕೊಡುತ್ತೆ, ಬೀಸಿ ಬೇಯಿಸಿ ತಿನ್ನೋದು ಎಂಟು ಜನರ ಜವಾಬ್ದಾರಿ. ಕಾಯಂ ಕೋಟೆಯಲ್ಲಿದ್ದಾಗ ಎರಡು ಕೋಣೆ: ಮುಂದಿನದರಲ್ಲಿ ಸಾಮಾನು, ಹಿಂದಿನದರಲ್ಲಿ ಮಲಗೋದು. ನಮ್ಮ ಹಾಸ್ಟೆಲ್ ರೂಮೇ ಅಂದ್ಕೊಳ್ಳಿ, ಆದ್ರೆ ಇಪ್ಪತ್ತೈದು ವರ್ಷ. ಸರ್ವಿಸ್ ಅಷ್ಟು ಉದ್ದ. ಕಾನೂನು ಪ್ರಕಾರ ಮದುವೆ ಆಗೋ ಹಾಗಿಲ್ಲ. ಯುದ್ಧದಲ್ಲಿ ಪಕ್ಕದವನು ಗುರಾಣಿ ಹಿಡಿದು ನಿಲ್ತಾನೆ ಅನ್ನೋ ನಂಬಿಕೆ ಚಕ್ರವರ್ತಿಯ ಭಾಷಣದಿಂದ ಬರಲ್ಲ. ನಿನ್ನೆ ರಾತ್ರಿ ಅವನು ಬೀಸಿದ ಹಿಟ್ಟಿನ ರೊಟ್ಟಿ ತಿಂದಿದ್ರಿಂದ ಬರುತ್ತೆ.

ಇನ್ನು 80 ಜನರ ಸೆಂಚುರಿ ನಡೆಸೋದು ಹೇಗೆ? ಸೆಂಚುರಿಯನ್ ಮುಖ್ಯಸ್ಥ. ಅವನ ಸಹಾಯಕ 'ಆಪ್ಟಿಯೋ' ನಿಲ್ತಿದ್ದಿದ್ದು ಹಿಂದೆ, ಸಾಲು ಚದುರದ ಹಾಗೆ ನೋಡ್ಕೊಳ್ಳೋಕೆ. 'ಸಿಗ್ನಿಫರ್' ಧ್ವಜ ಹಿಡಿಯೋನು, ಜೊತೆಗೆ ಸೈನಿಕರ ಉಳಿತಾಯದ ಹಣದ ಲೆಕ್ಕವೂ ಅವನದ್ದೇ. ಯೋಚನೆ ಮಾಡಿ, ನಿಮ್ಮ ದುಡ್ಡೂ ಆ ಧ್ವಜದ ಹತ್ರಾನೇ ಇದ್ರೆ ಅದನ್ನ ಬಿಟ್ಟು ಓಡಿ ಹೋಗ್ತೀರಾ? 'ಟೆಸೆರೇರಿಯಸ್' ಅನ್ನೋನ ಕೆಲಸ ಕಾವಲು ಮತ್ತೆ ಪಾಸ್‌ವರ್ಡ್.

ಆ ಪಾಸ್‌ವರ್ಡ್ ಪದ್ಧತಿ ನೆಟ್ವರ್ಕ್ಸ್ ಓದೋರಿಗೆ ಖಂಡಿತ ಇಷ್ಟ ಆಗುತ್ತೆ. ಪೊಲಿಬಿಯಸ್ ವಿವರವಾಗಿ ಬರೆದಿದ್ದಾನೆ. ಸಂಜೆ ಗುರುತಿನ ಮಾತನ್ನ ಮರದ ಹಲಗೆ ಮೇಲೆ ಬರೆದು ಕೊಡ್ತಾರೆ. ಹಲಗೆ ಒಂದು ತುಕಡಿಯಿಂದ ಇನ್ನೊಂದು ತುಕಡಿಗೆ ದಾಟುತ್ತಾ ಹೋಗಿ, ಕತ್ತಲಾಗೋ ಮೊದಲು ಅಧಿಕಾರಿಯ ಕೈಗೆ ವಾಪಸ್ ಬರಬೇಕು. ಬರಲಿಲ್ಲ ಅಂದ್ರೆ ಗುರುತು ನೋಡಿ ಎಲ್ಲಿ ನಿಂತಿದೆ ಅಂತ ತಕ್ಷಣ ಪತ್ತೆ ಮಾಡ್ತಾರೆ. ರಾತ್ರಿ ಕಾವಲಿಗೂ ಇಂಥದ್ದೇ. ಕಾವಲುಗಾರನ ಹತ್ರ ಒಂದು ಚಿಕ್ಕ ಹಲಗೆ ಇರುತ್ತೆ, ರೌಂಡ್ಸ್ ಬಂದವನು ಅದನ್ನ ತಗೊಂಡು ಹೋಗ್ತಾನೆ. ಬೆಳಗ್ಗೆ ಒಂದು ಹಲಗೆ ಕಡಿಮೆ ಇದ್ರೆ ಯಾವ ಜಾಗದ ಕಾವಲುಗಾರ ನಿದ್ದೆ ಮಾಡಿದ್ದ ಅಂತ ಗೊತ್ತಾಗಿಬಿಡುತ್ತೆ. ಎರಡು ಸಾವಿರ ವರ್ಷದ ಹಿಂದಿನ ಟೋಕನ್ ಮತ್ತೆ ಅಕ್ನಾಲೆಡ್ಜ್‌ಮೆಂಟ್ ಇದು!

ಸಾಮಾನಿನ ವಿಷಯಕ್ಕೆ ಬರೋಣ. ಮೆಕ್ಯಾನಿಕಲ್‌ನವರು ಗಮನ ಕೊಡಿ. 'ಪಿಲಂ' ಅಂದ್ರೆ ಎಸೆಯೋ ಈಟಿ. ಹಿಂದೆ ಮರದ ಹಿಡಿ, ಮುಂದೆ ಉದ್ದನೆಯ ತೆಳ್ಳನೆ ಕಬ್ಬಿಣದ ಸರಳು, ತುದಿಯಲ್ಲಿ ಪಿರಮಿಡ್ ಆಕಾರದ ಮೊನೆ. ಮೊನೆ ಗುರಾಣಿಯಲ್ಲಿ ದೊಡ್ಡ ತೂತು ಮಾಡುತ್ತೆ, ತೆಳ್ಳನೆ ಸರಳು ಆ ತೂತಲ್ಲಿ ಸಲೀಸಾಗಿ ಒಳಗೆ ನುಗ್ಗುತ್ತೆ. ಆಮೇಲೆ ಕೀಳೋಕೆ ಬರಲ್ಲ. ಕ್ರಿ.ಪೂ. 58ರಲ್ಲಿ ಹೆಲ್ವೇಷಿಯನ್ನರ ಜೊತೆ ನಡೆದ ಯುದ್ಧದಲ್ಲಿ ಒಂದೇ ಪಿಲಂ ಎರಡು ಗುರಾಣಿಗಳನ್ನ ಸೇರಿಸಿ ಚುಚ್ಚಿಬಿಡ್ತಿತ್ತು, ಎಷ್ಟೋ ಜನ ಗುರಾಣಿ ಬಿಸಾಕಿ ಬರೀ ಮೈಲಿ ಹೋರಾಡಿದ್ರು ಅಂತ ಸೀಸರ್ ಬರೆದಿದ್ದಾನೆ. ಮಾರಿಯಸ್ ಅಂತೂ ಇನ್ನೊಂದು ಹೆಜ್ಜೆ ಮುಂದೆ ಹೋದ ಅನ್ನುತ್ತಾನೆ ಪ್ಲುಟಾರ್ಕ್: ಸರಳನ್ನ ಹಿಡಿಗೆ ಸೇರಿಸೋ ಎರಡು ಕಬ್ಬಿಣದ ರಿವೆಟ್‌ಗಳಲ್ಲಿ ಒಂದನ್ನ ತೆಗೆಸಿ ಮರದ ಗೂಟ ಹಾಕಿಸಿದನಂತೆ. ಬಡಿದ ತಕ್ಷಣ ಗೂಟ ಮುರಿದು ಈಟಿ ಜೋತು ಬೀಳಬೇಕು, ಶತ್ರು ಅದನ್ನೇ ವಾಪಸ್ ಎಸೆಯಬಾರದು. ಮುರೀಲಿ ಅಂತಾನೇ ಡಿಸೈನ್ ಮಾಡೋದು! ನಮ್ಮ ಲ್ಯಾಬಲ್ಲಿ ಶಿಯರ್ ಪಿನ್ ಬಗ್ಗೆ ಕೇಳಿದಾಗ ಇಷ್ಟು ಇಂಟರೆಸ್ಟಿಂಗ್ ಅನ್ನಿಸಿರಲಿಲ್ಲ.

ಗುರಾಣಿ ಅಂದ್ರೆ 'ಸ್ಕೂಟಂ'. ಸಿರಿಯಾದ ದುರಾ ಯೂರೋಪೋಸ್‌ನಲ್ಲಿ ಮೂರನೇ ಶತಮಾನದ ಒಂದು ಗುರಾಣಿ ಸಿಕ್ಕಿದೆ, ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ತೆಳ್ಳನೆ ಮರದ ಪಟ್ಟಿಗಳನ್ನ ಅಡ್ಡ, ಉದ್ದ, ಅಡ್ಡ ಇಟ್ಟು ಮೂರು ಪದರ ಅಂಟಿಸಿದ್ದಾರೆ. ಅದು ಪ್ಲೈವುಡ್ಡೇ. ಕತ್ತಿಯ ಮಾದರಿ ಸ್ಪೇನಿನವರದ್ದು, ಸರಪಳಿ ಕವಚ ಕೆಲ್ಟ್ ಜನರದ್ದು. ಶತ್ರುವಿನ ಹತ್ರ ಒಳ್ಳೇದಿದ್ರೆ ನಾಚಿಕೆ ಇಲ್ಲದೆ ತಗೊಳ್ತಿದ್ರು.

ಸಿನಿಮಾದಲ್ಲಿ ಎಲ್ಲರೂ ಹಾಕ್ಕೊಂಡಿರೋ ಆ ಪಟ್ಟಿ ಪಟ್ಟಿ ಕವಚ ಇದೆಯಲ್ಲ, 'ಲೋರಿಕಾ ಸೆಗ್ಮೆಂಟಾಟಾ', ಆ ಹೆಸರೇ ರೋಮನ್ನರು ಇಟ್ಟಿದ್ದಲ್ಲ, ತುಂಬ ಆಮೇಲೆ ವಿದ್ವಾಂಸರು ಇಟ್ಟಿದ್ದು. ಅದು ಹೇಗೆ ಜೋಡಣೆ ಆಗ್ತಿತ್ತು ಅಂತ ಸರಿಯಾಗಿ ಗೊತ್ತಾಗಿದ್ದು 1964ರಲ್ಲಿ, ಇಂಗ್ಲೆಂಡಿನ ಕಾರ್ಬ್ರಿಜ್‌ನಲ್ಲಿ ಒಂದು ಪೆಟ್ಟಿಗೆ ತುಂಬ ಕವಚದ ತುಂಡುಗಳು ಸಿಕ್ಕ ಮೇಲೆ. ನೋಡೋಕೆ ಸೂಪರ್. ಆದ್ರೆ ಅದರ ಕೀಲು, ಕೊಕ್ಕೆಗಳು ಪದೇ ಪದೇ ಕಿತ್ತು ಬರ್ತಿದ್ವು ಅನ್ನೋದಕ್ಕೆ ಸಿಕ್ಕ ತುಂಡುಗಳೇ ಸಾಕ್ಷಿ. ಕೊನೆಗೆ ಆ ಕವಚ ಮರೆಯಾಯ್ತು, ರಿಪೇರಿಗೆ ಸುಲಭವಾದ ಹಳೇ ಸರಪಳಿ ಕವಚ ಉಳೀತು. ಡೆಮೋದಲ್ಲಿ ಚಪ್ಪಾಳೆ ಗಿಟ್ಟಿಸೋದು ಬೇರೆ, ಫೀಲ್ಡಲ್ಲಿ ಉಳಿಯೋದು ಬೇರೆ.

ಇಷ್ಟೆಲ್ಲ ಆದ್ರೂ, ರೋಮನ್ನರ ನಿಜವಾದ ಆಯುಧ ಯಾವುದು ಅಂತ ಕೇಳಿದ್ರೆ ನಾನು 'ಡೋಲಾಬ್ರ' ಅಂತೀನಿ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಪಿಕಾಸಿ. ಇದು ನನ್ನ ತಲೆಯಿಂದ ಬಂದ ಮಾತಲ್ಲ. ಶತ್ರುವನ್ನ ಗೆಲ್ಲಬೇಕಾದದ್ದು ಡೋಲಾಬ್ರದಿಂದ ಅಂತ ಸೇನಾಪತಿ ಕಾರ್ಬುಲೋ ಹೇಳ್ತಿದ್ದ ಅಂತ ಫ್ರಾಂಟಿನಸ್ ದಾಖಲಿಸಿದ್ದಾನೆ. ಯಹೂದಿ ಇತಿಹಾಸಕಾರ ಜೊಸೆಫಸ್, ರೋಮನ್ನರ ವಿರುದ್ಧವೇ ಹೋರಾಡಿ ಸೆರೆ ಸಿಕ್ಕವನು, ಒಬ್ಬ ಕಾಲಾಳು ಏನೇನು ಹೊರ್ತಾನೆ ಅಂತ ಪಟ್ಟಿ ಕೊಡ್ತಾನೆ: ಗರಗಸ, ಬುಟ್ಟಿ, ಪಿಕಾಸಿ, ಕೊಡಲಿ, ಚರ್ಮದ ಪಟ್ಟಿ, ಕುಡುಗೋಲು, ಸರಪಳಿ, ಮೂರು ದಿನದ ಬುತ್ತಿ. ಹೊರೆ ಹೊರೋ ಕತ್ತೆಗೂ ಇವನಿಗೂ ಹೆಚ್ಚು ವ್ಯತ್ಯಾಸ ಇಲ್ಲ ಅನ್ನೋದೂ ಅವನ ಅಭಿಪ್ರಾಯವೇ. ಶತ್ರುಗಳ ನೆಲದಲ್ಲಿ ದಿನವಿಡೀ ನಡೆದು ಸುಸ್ತಾದ ಮೇಲೂ, ಮಲಗೋ ಮೊದಲು ಸುತ್ತ ಕಂದಕ ತೋಡಿ, ಮಣ್ಣಿನ ದಿಬ್ಬ ಹಾಕಿ, ಗೂಟ ನೆಟ್ಟು ಶಿಬಿರ ಕಟ್ಟಬೇಕಿತ್ತು. ಶಿಬಿರದ ಪ್ಲಾನ್ ಹೆಚ್ಚು ಕಡಿಮೆ ಎಲ್ಲ ಕಡೆನೂ ಒಂದೇ. ಹಾಗಾಗಿ ಕತ್ತಲಲ್ಲೂ ಯಾರ ಡೇರೆ ಎಲ್ಲಿ ಅಂತ ಹುಡುಕೋ ಹಾಗಿರಲಿಲ್ಲ.

ಇದೇ ಪಿಕಾಸಿ, ಗರಗಸದವರು ಕ್ರಿ.ಪೂ. 55ರಲ್ಲಿ ರೈನ್ ನದಿಗೆ ಹತ್ತೇ ದಿನದಲ್ಲಿ ಮರದ ಸೇತುವೆ ಕಟ್ಟಿದ್ರು. ಆಚೆ ದಡದಲ್ಲಿ 18 ದಿನ ಇದ್ದು ವಾಪಸ್ ಬಂದು ಅದನ್ನ ಅವರೇ ಮುರಿದು ಹಾಕಿದ್ರು. ಕ್ರಿ.ಪೂ. 52ರಲ್ಲಿ ಅಲೀಷಿಯಾದಲ್ಲಿ, ಕೋಟೆ ಒಳಗಿದ್ದ ಗಾಲ್ ಜನರನ್ನ ತಡೆಯೋಕೆ 11 ರೋಮನ್ ಮೈಲಿ ಉದ್ದದ ಸಾಲು ಕಟ್ಟಿದ್ರು, ಅವರ ಸಹಾಯಕ್ಕೆ ಹೊರಗಿಂದ ಬರೋರನ್ನ ತಡೆಯೋಕೆ 14 ಮೈಲಿಯ ಇನ್ನೊಂದು ಸಾಲು. ಆ ಯುದ್ಧದ ಅರ್ಧ ಭಾಗ ಸಿವಿಲ್ ಡಿಪಾರ್ಟ್‌ಮೆಂಟಿನದ್ದು.

ಇನ್ನರ್ಧ ಗುಮಾಸ್ತರದ್ದು. ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಕೋಟೆಯ ಕೆಸರಲ್ಲಿ 1973ರಿಂದ ತೆಳ್ಳನೆ ಮರದ ಹಲಗೆಗಳು ಸಿಗ್ತಾ ಬಂದಿವೆ, ಮಸಿಯಲ್ಲಿ ಬರೆದ ಬರಹ ಇನ್ನೂ ಇದೆ. ಒಂದರಲ್ಲಿ ಮೇ 18ರ ಹಾಜರಿ ಇದೆ. ತುಂಗ್ರಿಯನ್ನರ ಮೊದಲನೇ ಕೋಹಾರ್ಟ್, ಒಟ್ಟು 752 ಜನ. ಬೇರೆ ಬೇರೆ ಕೆಲಸಕ್ಕೆ ಹೊರಗೆ ಹೋದವರು 456. ಕೋಟೆಯಲ್ಲಿರೋರು 296. ಅದರಲ್ಲಿ ಕಾಯಿಲೆ 15, ಗಾಯ 6, ಕಣ್ಣು ಬೇನೆ 10. ಕೆಲಸಕ್ಕೆ ಲಾಯಕ್ಕಾದವರು 265. ನಮ್ಮ ಅಟೆಂಡೆನ್ಸ್ ಶಾರ್ಟೇಜ್ ಏನೂ ಅಲ್ಲ ಇದರ ಮುಂದೆ! ಇನ್ನೊಂದರಲ್ಲಿ ಯಾರೋ ಯಾರಿಗೋ ಕಾಲುಚೀಲ, ಚಪ್ಪಲಿ, ಎರಡು ಜೊತೆ ಒಳಚಡ್ಡಿ ಕಳಿಸಿದ ವಿಷಯ ಇದೆ. ಅಲ್ಲೇ ಹತ್ತಿರದ ಹೇಡ್ರಿಯನ್ ಗೋಡೆಯಲ್ಲಿ, ಇಷ್ಟು ಭಾಗ ಇಂಥ ಸೆಂಚುರಿ ಕಟ್ಟಿದ್ದು ಅಂತ ಕೆತ್ತಿದ ಕಲ್ಲುಗಳಿವೆ. ಗಿಟ್‌ನಲ್ಲಿ ಯಾವ ಲೈನ್ ಯಾರು ಬರೆದಿದ್ದು ಅಂತ ನೋಡ್ತೀವಲ್ಲ, ಅದೇ. ಇದೇ ಸೈನ್ಯ ಎಷ್ಟೋ ಸಲ ಸೋತಿದೆ. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಲ್ಲಿ ಮೂರು ಲೀಜನ್‌ಗಳೇ ಇಲ್ಲವಾದ್ವು. ಆದ್ರೂ ವ್ಯವಸ್ಥೆ ನಿಲ್ಲಲಿಲ್ಲ, ಯಾಕಂದ್ರೆ ಅದು ಯಾರೋ ಒಬ್ಬನ ತಲೆಯಲ್ಲಿ ಇರಲಿಲ್ಲ.

ಇದನ್ನೆಲ್ಲ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಮೊದಲನೇ ವರ್ಷದಲ್ಲಿ ನಾನೊಂದು ರೋಬೋಟಿಕ್ಸ್ ಟೀಮಲ್ಲಿದ್ದೆ. ಹನ್ನೊಂದು ಜನ. ಬೇರೆ ಊರಲ್ಲಿ ಸ್ಪರ್ಧೆ, ರಾತ್ರಿ ಬಸ್ಸು. ಬೆಳಗ್ಗೆ ಬ್ಯಾಗ್ ಬಿಚ್ಚಿದ್ರೆ ಬ್ಯಾಟರಿ ಚಾರ್ಜರ್ ಇಲ್ಲ. ಹನ್ನೊಂದು ಜನಾನೂ ಇನ್ನೊಬ್ಬ ಇಟ್ಕೊಂಡಿರ್ತಾನೆ ಅಂದ್ಕೊಂಡಿದ್ವಿ. ನಾನೂ ಅಷ್ಟೇ. ಕೊನೇ ಸಲ ಅದನ್ನ ಪ್ಲಗ್‌ನಿಂದ ತೆಗೆದವನು ನಾನೇ, ಟೇಬಲ್ ಮೇಲೆ ಇಟ್ಟಿದ್ದೂ ನಾನೇ. ನಮ್ಮ ಟೀಮಿಗೆ ಕ್ಯಾಪ್ಟನ್ ಇದ್ರು, ವೈಸ್ ಕ್ಯಾಪ್ಟನ್ ಇದ್ರು, ಲೋಗೋ ಇತ್ತು, ಜೆರ್ಸಿ ಇತ್ತು, ಇನ್‌ಸ್ಟಾ ಪೇಜ್ ಇತ್ತು. ಲಿಸ್ಟ್ ಇರಲಿಲ್ಲ. ಎರಡನೇ ರೌಂಡಲ್ಲಿ ಬ್ಯಾಟರಿ ಸತ್ತು ರೋಬೋಟ್ ಅಲ್ಲೇ ನಿಂತಿತು. ಆರು ತಿಂಗಳ ಕೆಲಸ. ವಾಪಸ್ ಬರೋ ಬಸ್ಸಲ್ಲಿ ಯಾರೂ ಯಾರ ಜೊತೆನೂ ಮಾತಾಡಲಿಲ್ಲ. ಆಮೇಲೆ ಟೀಮೂ ಉಳೀಲಿಲ್ಲ. ನಮ್ಮಲ್ಲಿ ಸೆಂಚುರಿಯನ್ ಆಗೋಕೆ ಎಲ್ಲರೂ ರೆಡಿ. ಬೀಸೋ ಕಲ್ಲು ಯಾವ ಕತ್ತೆ ಮೇಲಿದೆ ಅಂತ ನೋಡೋರು ಯಾರೂ ಇಲ್ಲ.

"ಹಾಗಾದ್ರೆ ನಮಗೂ ಅಂಥ ಶಿಸ್ತು ಬೇಕು, ಸ್ಟ್ರಿಕ್ಟ್ ಇದ್ರೇನೇ ಕೆಲಸ ಆಗೋದು" ಅಂತ ಕೆಲವರು ಅಂತಾರೆ. ಇಲ್ಲೇ ನನ್ನ ತಕರಾರು ಇರೋದು. ಕಾವಲಲ್ಲಿ ನಿದ್ದೆ ಮಾಡಿದವನಿಗೆ ರೋಮನ್ನರು ಕೊಡ್ತಿದ್ದ ಶಿಕ್ಷೆ, ಜೊತೆಗಾರರಿಂದಲೇ ದೊಣ್ಣೆ ಏಟು, ಬಹುಪಾಲು ಸಾಯೋವರೆಗೆ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್ ದಂಗೆಯ ಹೊತ್ತಲ್ಲಿ ಕ್ರಾಸಸ್, ಓಡಿ ಬಂದ ತುಕಡಿಯಲ್ಲಿ ಚೀಟಿ ಎತ್ತಿಸಿ ಹತ್ತರಲ್ಲಿ ಒಬ್ಬನನ್ನ ಕೊಲ್ಲಿಸಿದ. ಸೆಂಚುರಿಯನ್ ಕೈಯಲ್ಲಿ ದ್ರಾಕ್ಷಿ ಬಳ್ಳಿಯ ಕೋಲು ಇರ್ತಿತ್ತು, ಹೊಡೆಯೋಕೆ. ಲೂಸಿಲಿಯಸ್ ಅನ್ನೋ ಸೆಂಚುರಿಯನ್‌ಗೆ ಸೈನಿಕರು 'ಇನ್ನೊಂದು ಕೊಡು' ಅಂತ ಅಡ್ಡಹೆಸರು ಇಟ್ಟಿದ್ರು. ಬೆನ್ನ ಮೇಲೆ ಕೋಲು ಮುರಿದಾಗೆಲ್ಲ ಹಾಗೆ ಕೂಗ್ತಿದ್ದನಂತೆ. ಕ್ರಿ.ಶ. 14ರಲ್ಲಿ ಅಗಸ್ಟಸ್ ಸತ್ತಾಗ ಆ ಸೈನ್ಯ ದಂಗೆ ಎದ್ದಿತು. ಕಡಿಮೆ ಸಂಬಳ, ಮುಗಿಯದ ಸರ್ವಿಸ್, ಏಟು, ಇವೇ ದೂರು. ಆ ಗಲಾಟೆಯಲ್ಲಿ ಲೂಸಿಲಿಯಸ್ ಕೊಲೆ ಆದ. ಕೋಲಿನ ಶಿಸ್ತು ಕೋಲು ಹಿಡಿದವನು ಇರೋವರೆಗೆ ಮಾತ್ರ. ಸೇತುವೆ ಕಟ್ಟಿಸಿದ್ದು ಕೋಲಲ್ಲ. ಹೇಳಿ ಕೊಟ್ಟಿದ್ದು, ಅಭ್ಯಾಸ ಮಾಡಿಸಿದ್ದು, ಯಾರ ಕೆಲಸ ಯಾವುದು ಅಂತ ಸ್ಪಷ್ಟ ಮಾಡಿದ್ದು. 'ಸೀನಿಯಾರಿಟಿ' ಹೆಸರಲ್ಲಿ ಜೂನಿಯರ್‌ಗಳ ಮೇಲೆ ಕೂಗಾಡಿ ಅದನ್ನೇ ಟೀಮ್ ಶಿಸ್ತು ಅನ್ನೋರು ಈ ಲೂಸಿಲಿಯಸ್ ಕಥೆ ಒಂದು ಸಲ ಓದಬೇಕು.

ಇನ್ನೂ ದೊಡ್ಡ ಪ್ರಶ್ನೆ ಇದೆ. ಇಷ್ಟು ಚೆನ್ನಾಗಿ ಓಡೋ ಯಂತ್ರ ಯಾವುದಕ್ಕೆ? ಕ್ರಿ.ಪೂ. 57ರಲ್ಲಿ ಒಂದೇ ಊರಿನ 53,000 ಜನರನ್ನ ಗುಲಾಮರಾಗಿ ಮಾರಿದ ಲೆಕ್ಕವನ್ನ ಸೀಸರ್ ತಾನೇ ಬರೆದಿಟ್ಟಿದ್ದಾನೆ. ಒಳಚಡ್ಡಿ ಲೆಕ್ಕ ಇಟ್ಟ ಹಾಗೇ ಇದೂ ಒಂದು ಲೆಕ್ಕ. ಕೊನೆಗೆ ಆ ಯಂತ್ರ ರೋಮನ್ನೇ ತಿಂದಿತು. ಸೈನಿಕನ ಸಂಬಳ, ಜಮೀನು ಎಲ್ಲ ಸೇನಾಪತಿ ಕೈಯಲ್ಲಿದ್ದಾಗ ನಿಷ್ಠೆನೂ ಅವನಿಗೇ ಹೋಯ್ತು. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ಸೈನ್ಯವನ್ನ ರೋಮ್ ಮೇಲೇ ನುಗ್ಗಿಸಿದ. ಕ್ರಿ.ಶ. 193ರಲ್ಲಿ ಅಂಗರಕ್ಷಕ ಪಡೆ ಚಕ್ರವರ್ತಿಯನ್ನ ಕೊಂದು ಸಿಂಹಾಸನ ಹರಾಜು ಹಾಕಿತು, ಡಿಡಿಯಸ್ ಜೂಲಿಯಾನಸ್ ಕೊಂಡುಕೊಂಡ, ಎರಡು ತಿಂಗಳು ಸ್ವಲ್ಪ ದಿನಕ್ಕೆ ಅವನೂ ಸತ್ತ. 'ಹೇಗೆ' ಅನ್ನೋದಕ್ಕೆ ಅವರ ಹತ್ರ ಅದ್ಭುತ ಉತ್ತರ ಇತ್ತು. 'ಯಾಕೆ' ಅಂತ ಕೇಳೋ ಜಾಗ ಆ ಶಿಬಿರದ ಪ್ಲಾನಲ್ಲಿ ಇರಲಿಲ್ಲ. ನಾಳೆ ನಾವು ಯಾವ ಕಂಪನಿಗೆ ಏನು ಕಟ್ಟಿಕೊಡ್ತೀವೋ ಗೊತ್ತಿಲ್ಲ. ಕೆಲಸ ಚೆನ್ನಾಗಿ ಮಾಡೋದು ಕಲಿತರೆ ಸಾಕು ಅಂತ ನಾವು ಅಂದ್ಕೊಂಡ್ರೆ, ಆ ಗುಮಾಸ್ತನಿಗೂ ನಮಗೂ ಏನು ವ್ಯತ್ಯಾಸ?

ಈ ಸೆಮಿಸ್ಟರ್ ಹೊಸ ಟೀಮ್ ಮಾಡ್ತಿದೀವಿ. ಎಂಟೇ ಜನ, ಬೇಕು ಅಂತಾನೇ. ಪ್ರತಿ ಸಾಮಾನಿನ ಎದುರು ಒಬ್ಬರ ಹೆಸರು. ಹೊರಡೋ ಮೊದಲು ಲಿಸ್ಟ್ ಒಬ್ಬರಿಂದ ಒಬ್ಬರಿಗೆ ಹೋಗಿ, ಎಲ್ಲರ ಸೈನ್ ಬಿದ್ದು, ಶುರು ಮಾಡಿದವರ ಕೈಗೆ ವಾಪಸ್ ಬರಬೇಕು. ಯಾರೂ ಯಾರ ಮೇಲೂ ಕೂಗೋ ಹಾಗಿಲ್ಲ. ವಾರಕ್ಕೊಮ್ಮೆ ಕೂತು "ಇದನ್ನ ಯಾಕೆ ಮಾಡ್ತಿದೀವಿ" ಅಂತ ಯಾರು ಬೇಕಾದ್ರೂ ಕೇಳಬಹುದು, ಫಸ್ಟ್ ಇಯರ್‌ನವರೂ. ಕ್ಯಾಪ್ಟನ್ ಇನ್ನೂ ಆರಿಸಿಲ್ಲ. ಚಾರ್ಜರ್ ಎದುರಿಗೆ ಮಾತ್ರ ಹೆಸರು ಬರೆದಾಗಿದೆ, ನನ್ನದೇ.